ಅಳಿಯಂದಿರ ಜರ್ಮನ್ ಪೂರ್ವಜರನ್ನು ಹುಡುಕುವ ಬಗ್ಗೆ

ಮಗಳೇ, ನಿನ್ನೆ ನೀನು ಗುಂಪಿನಲ್ಲಿ ಕಳುಹಿಸಿದ ಪ್ರಶ್ನೆಯನ್ನು ಗಮನವಿಟ್ಟು ಕೇಳಿದೆ. ಅಳಿಯಂದಿರ ಅಜ್ಜನ ಅಜ್ಜ 1858ರ ಸುಮಾರಿಗೆ ಹುಟ್ಟಿ, 1881ರಲ್ಲಿ ಜರ್ಮನಿಯಿಂದ ವಿಸ್ಕಾನ್ಸಿನ್‌ಗೆ ಬಂದವರು. ಅಮೆರಿಕದ ಜನಗಣತಿಯಲ್ಲಿ ಅವರು ಹುಟ್ಟಿದ ಸ್ಥಳ ಬರೀ ‘ಪ್ರಷ್ಯಾ’ ಎಂದಿದೆ. ಅಂತರ್ಜಾಲದಲ್ಲಿ ಯಾರೋ ಹಾಕಿರುವ ವಂಶವೃಕ್ಷದಲ್ಲಿ ‘ನಾಯ್‌ಸ್ಟಾಟ್’ ಎಂಬ ಊರು ಸಿಕ್ಕಿದೆ. ಇನ್ನು ಮುಂದೆ ಜರ್ಮನಿಯ ಯಾವ ಕಚೇರಿಗೆ ಬರೆಯಬೇಕು ಎಂಬುದು ನಿನ್ನ ಪ್ರಶ್ನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಜರ್ಮನ್ ಕಾಗದಪತ್ರಗಳನ್ನು ಓದುವ ಕೆಲಸದಲ್ಲಿ ಇಷ್ಟು ವರ್ಷ ಕಳೆದಿರುವುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಧೈರ್ಯವಾಗಿ ಹೇಳಬಲ್ಲೆ.

ಈಗಲೇ ಯಾವ ಕಚೇರಿಗೂ ಬರೆಯಬೇಡ. ಅವರು ಹುಟ್ಟಿದ ಹಳ್ಳಿಯ ಖಚಿತವಾದ ಹೆಸರು ಕೈಗೆ ಬರುವವರೆಗೆ ಜರ್ಮನಿಯಲ್ಲಿ ಹುಡುಕುವಂಥದ್ದು ಏನೂ ಇಲ್ಲ, ಏಕೆಂದರೆ ಅಲ್ಲಿನ ಹಳೆಯ ದಾಖಲೆಗಳೆಲ್ಲ ಊರೂರಿನ ಚರ್ಚಿನ ಪುಸ್ತಕಗಳಲ್ಲಿವೆ. ಇಡೀ ದೇಶಕ್ಕೆ ಒಂದೇ ಪಟ್ಟಿ ಎಂಬುದು ಆಗ ಇರಲೇ ಇಲ್ಲ. ಜರ್ಮನಿ ಒಂದು ಸಾಮ್ರಾಜ್ಯವಾದದ್ದೇ 1871ರಲ್ಲಿ. ಪ್ರಷ್ಯಾ ಎಂದರೆ ಪಶ್ಚಿಮದ ರೈನ್ ನದಿಯ ತೀರದಿಂದ ಪೂರ್ವದಲ್ಲಿ ಇಂದಿನ ರಷ್ಯಾಕ್ಕೆ ಸೇರಿರುವ ಕ್ಯೋನಿಗ್ಸ್‌ಬರ್ಗ್‌ವರೆಗೆ ಹಬ್ಬಿದ್ದ ರಾಜ್ಯ. ನಾಯ್‌ಸ್ಟಾಟ್ ಎಂಬ ಹೆಸರಿನ ಊರುಗಳಂತೂ ಜರ್ಮನ್ ನಾಡುಗಳಲ್ಲಿ ಹತ್ತಾರಿವೆ. ಆ ವಂಶವೃಕ್ಷ ಬರೆದವರು ಯಾವ ದಾಖಲೆ ನೋಡಿ ಆ ಹೆಸರು ಹಾಕಿದರು ಎಂದು ತಿಳಿಯುವವರೆಗೆ ಅದನ್ನು ಒಂದು ಸುಳಿವು ಎಂದಷ್ಟೇ ಇಟ್ಟುಕೋ, ನಿನ್ನ ಮರಕ್ಕೆ ಸೇರಿಸಬೇಡ.

ಹಳ್ಳಿಯ ಹೆಸರು ಸಿಗುವುದು ಬಹುಮಟ್ಟಿಗೆ ಅಮೆರಿಕದಲ್ಲಿಯೇ. ವಿಸ್ಕಾನ್ಸಿನ್ನಿನ ಲುಥೆರನ್ (ಪ್ರೊಟೆಸ್ಟೆಂಟರ ಒಂದು ಪಂಗಡ) ಚರ್ಚುಗಳಲ್ಲಿ ಆಗಿನ ಪಾದ್ರಿಗಳು ಮದುವೆ ಮತ್ತು ಮರಣದ ವಿವರಗಳನ್ನು ಜರ್ಮನ್ ಭಾಷೆಯಲ್ಲಿಯೇ ಬರೆಯುತ್ತಿದ್ದರು; ಅದೇ ನಾಡಿನಿಂದ ಬಂದವರಿಗಾಗಿ ಬರೆದದ್ದರಿಂದ ಸರ್ಕಾರಿ ಗುಮಾಸ್ತರು ‘ಪ್ರಷ್ಯಾ’ ಎಂದು ಬಿಟ್ಟ ಕಡೆಯಲ್ಲಿ ಪಾದ್ರಿಗಳು ಹಳ್ಳಿಯ ಹೆಸರನ್ನೇ ಬರೆದಿರುವುದು ಎಷ್ಟೋ ಸಲ ಕಾಣಸಿಗುತ್ತದೆ. ಸಮಾಧಿಯ ಕಲ್ಲು, ಜರ್ಮನ್ ಪತ್ರಿಕೆಗಳ ಮರಣವಾರ್ತೆ, ಮನೆಯ ಬೈಬಲ್ಲಿನ ಮೊದಲ ಹಾಳೆ, ಇವನ್ನೂ ನೋಡು. ಆ ಪೂರ್ವಜರ ದಾಖಲೆಗಳಲ್ಲಿ ಏನೂ ಸಿಗದಿದ್ದರೆ ಅವರ ಅಣ್ಣತಮ್ಮಂದಿರ, ಮದುವೆಗೆ ಸಾಕ್ಷಿ ಹಾಕಿದವರ, ಪಕ್ಕದ ಜಮೀನಿನವರ ದಾಖಲೆಗಳನ್ನು ಹುಡುಕು. ಆ ಕಾಲದಲ್ಲಿ ಒಂದೇ ಹಳ್ಳಿಯವರು ಒಬ್ಬರ ಹಿಂದೆ ಒಬ್ಬರು ಹೊರಟು ಬಂದು ಒಂದೇ ಕಡೆ ನೆಲೆಸುತ್ತಿದ್ದರು. ವಿಸ್ಕಾನ್ಸಿನ್ನಿನ ಫ್ರೈಸ್ಟಾಟ್ ಊರನ್ನು 1839ರಲ್ಲಿ ಕಟ್ಟಿದವರು ಪ್ರಷ್ಯಾದ ಬಾಲ್ಟಿಕ್ ಕರಾವಳಿಯ ಪ್ರಾಂತ್ಯವಾದ ಪೊಮೆರೇನಿಯಾದಿಂದ ಒಟ್ಟಾಗಿ ಬಂದ ಲುಥೆರನ್ನರೇ.

ಹಡಗಿನ ಪಟ್ಟಿಗಳ ಬಗ್ಗೆಯೂ ನೀನು ಕೇಳಿದ್ದೆ. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಗಳು 1850ರಿಂದ 1934ರವರೆಗೆ ಉಳಿದಿವೆ, ಅವುಗಳಲ್ಲಿ ಹೊರಟವರ ಊರಿನ ಹೆಸರೂ ಇರುತ್ತದೆ. ಬ್ರೇಮನ್ ಮೂಲಕ ಬಂದಿದ್ದರೆ ಆ ದಾರಿ ಇಲ್ಲ; ಅಲ್ಲಿನ ಹಳೆಯ ಪಟ್ಟಿಗಳು ಬಹುಪಾಲು ನಾಶವಾಗಿವೆ. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಇವರ ಮನೆತನದ ಹೆಸರು ಬದಲಾಯಿಸಿದರು ಎಂದು ಅತ್ತೆಯವರು ಹೇಳುತ್ತಾರೆಂದು ನೀನು ಹೇಳಿದೆಯಲ್ಲ, ಅದು ಸಾಧ್ಯವಿಲ್ಲ. ಇವರು ಬಂದದ್ದು 1881ರಲ್ಲಿ, ಆ ದ್ವೀಪದ ಕೇಂದ್ರ ತೆರೆದದ್ದು 1892ರಲ್ಲಿ. ಮೇಲಾಗಿ ಅಲ್ಲಿನವರು ಹಡಗು ಹೊರಟ ಬಂದರಿನಲ್ಲಿ ಬರೆದುಕೊಂಡ ಪಟ್ಟಿಯನ್ನೇ ಹಿಡಿದು ಕೆಲಸ ಮಾಡುತ್ತಿದ್ದರು. ಹೆಸರು ಬದಲಾದದ್ದು ನಿಧಾನವಾಗಿ, ಇಂಗ್ಲಿಷ್ ಬಲ್ಲ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದದ್ದರಿಂದ ಮತ್ತು ಕುಟುಂಬದವರೇ ಮುಂದೆ ಹೊಸ ರೂಪವನ್ನು ಒಪ್ಪಿಕೊಂಡದ್ದರಿಂದ. ಆದ್ದರಿಂದ ಹುಡುಕುವಾಗ ‘ಬ’ ಇದ್ದಲ್ಲಿ ‘ಪ’, ‘ದ’ ಇದ್ದಲ್ಲಿ ‘ತ’, ‘ಗ’ ಇದ್ದಲ್ಲಿ ‘ಕ’ ಹಾಕಿಯೂ ನೋಡು.

ಹಳ್ಳಿಯ ಹೆಸರು ಸಿಕ್ಕ ಮೇಲೆ 1912ರ ಮೇಯರ್ಸ್ ಸ್ಥಳಕೋಶವನ್ನು, ಅಂದರೆ ಆಗಿನ ಜರ್ಮನಿಯ ಊರುಗಳ ಪಟ್ಟಿಯನ್ನು, ತೆರೆ. ಅದು ಅಂತರ್ಜಾಲದಲ್ಲಿ ಉಚಿತವಾಗಿದೆ. ಆ ಹಳ್ಳಿಗೆ ತನ್ನದೇ ಚರ್ಚು ಇತ್ತೇ, ಜನನ ಮರಣ ನೋಂದಣಿ ಕಚೇರಿ ಯಾವ ಊರಿನಲ್ಲಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಪ್ರಷ್ಯಾದಲ್ಲಿ ಸರ್ಕಾರಿ ನೋಂದಣಿ ಎಲ್ಲೆಡೆ ಕಡ್ಡಾಯವಾದದ್ದು 1874ರ ಅಕ್ಟೋಬರ್‌ನಲ್ಲಿ, ಉಳಿದ ಜರ್ಮನಿಯಲ್ಲಿ 1876ರ ಜನವರಿಯಿಂದ. 1858ರಲ್ಲಿ ಹುಟ್ಟಿದವರಿಗೆ ಆದ್ದರಿಂದ ಬಹುಮಟ್ಟಿಗೆ ಚರ್ಚಿನ ಪುಸ್ತಕವೇ ಆಧಾರ. ಕ್ಯಾಥೊಲಿಕ್ ಪುಸ್ತಕಗಳು ಹಲವು ‘ಮಾಟ್ರಿಕುಲಾ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಪ್ರೊಟೆಸ್ಟೆಂಟ್ ಪುಸ್ತಕಗಳಿಗೆ ‘ಆರ್ಕಿಯೋನ್’ ತಾಣದಲ್ಲಿ ಹಣ ಕೊಡಬೇಕು, ‘ಫ್ಯಾಮಿಲಿಸರ್ಚ್’ನಲ್ಲಿ ಎರಡೂ ಬಗೆಯವು ಅಷ್ಟಿಷ್ಟು ಇವೆ. ಊರು ಪೊಮೆರೇನಿಯಾದಲ್ಲಿದ್ದರೆ ಅದು ಈಗ ಪೋಲೆಂಡಿಗೆ ಸೇರಿರುವ ಸಂಭವ ಹೆಚ್ಚು. ಆಗ ಅಲ್ಲಿನ ಸರ್ಕಾರಿ ಪತ್ರಾಗಾರವನ್ನೂ ನೋಡಬೇಕು. ಯುದ್ಧದಲ್ಲಿ ಆ ಭಾಗದ ಎಷ್ಟೋ ಪುಸ್ತಕಗಳು ಹೋಗಿವೆ.

ಪುಸ್ತಕ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿರುತ್ತದೆ. ಅದರಲ್ಲಿ ‘ಇ’ (e) ಅಕ್ಷರವೂ ‘ಎನ್’ (n) ಅಕ್ಷರವೂ ಒಂದೇ ತರಹದ ಎರಡು ಗೀಟುಗಳಂತೆ ಕಾಣುತ್ತವೆ, ‘ಯು’ (u) ಮೇಲೆ ಸಣ್ಣ ಕೊಕ್ಕೆ ಇರುತ್ತದೆ, ಉದ್ದನೆಯ ‘ಎಸ್’ ಇಂಗ್ಲಿಷಿನ ‘ಎಫ್’ ಎಂದು ಭ್ರಮೆ ಹುಟ್ಟಿಸುತ್ತದೆ. ಮೊದಲು ನಿನಗೆ ಗೊತ್ತಿರುವ ಮನೆತನದ ಹೆಸರನ್ನೇ ಆ ಲಿಪಿಯಲ್ಲಿ ಬರೆದು ಬರೆದು ಕಣ್ಣಿಗೆ ಅಭ್ಯಾಸ ಮಾಡಿಸು. ಓದುವುದಕ್ಕಿಂತ ಬರೆಯುವುದರಿಂದಲೇ ಈ ಲಿಪಿ ಬೇಗ ಹತ್ತುತ್ತದೆ. ದೀಕ್ಷಾಸ್ನಾನದ (ಬ್ಯಾಪ್ಟಿಸಂ) ನಮೂದಿನಲ್ಲಿ ಮಗು ಹುಟ್ಟಿದ ದಿನ, ದೀಕ್ಷೆಯ ದಿನ, ತಂದೆಯ ಹೆಸರು ಮತ್ತು ಕಸುಬು, ತಾಯಿಯ ತವರಿನ ಹೆಸರು, ದೀಕ್ಷೆಗೆ ನಿಂತ ಜ್ಞಾನಪಿತೃಗಳ (ಗಾಡ್‌ಪೇರೆಂಟ್ಸ್) ಹೆಸರು ಸಾಮಾನ್ಯವಾಗಿ ಇರುತ್ತವೆ. ಆ ಜ್ಞಾನಪಿತೃಗಳನ್ನು ತಪ್ಪದೆ ಬರೆದುಕೋ, ಎಷ್ಟೋ ಸಲ ಅವರು ಮಗುವಿನ ಸೋದರಮಾವನೋ ಅತ್ತೆಯೋ ಆಗಿರುತ್ತಾರೆ. ತಿಂಗಳಿನ ಜಾಗದಲ್ಲಿ ‘7’ ಅಂಕಿಯ ಮುಂದೆ ‘ಬರ್’ ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್.

ಹೆಸರು ಹೊಂದಿದ ಮಾತ್ರಕ್ಕೆ ಅವರೇ ಎಂದು ನಂಬಬೇಡ. ಒಂದು ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ಅಲ್ಲಿ ಬಹಳ ಸಾಮಾನ್ಯವಾಗಿತ್ತು. ಆದ್ದರಿಂದ ಹುಟ್ಟಿನ ನಮೂದು ಸಿಕ್ಕ ಕೂಡಲೇ ಮುಂದಿನ ಹತ್ತು ವರ್ಷಗಳ ಮರಣದ ಪುಟಗಳನ್ನೂ ಓದಬೇಕು. ಆ ಪುಟಗಳನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಒಂದೇ ಮನೆಯ ಮೂರು ಮಕ್ಕಳು ಒಂದೇ ತಿಂಗಳಲ್ಲಿ ಹೋಗಿರುವುದನ್ನು ನಾನು ನೋಡಿದ್ದೇನೆ. ಇನ್ನು ಪಶ್ಚಿಮ ಭಾಗದ ವೆಸ್ಟ್‌ಫಾಲಿಯಾ ಕಡೆಯ ಮನೆತನವಾಗಿದ್ದರೆ ಇನ್ನೊಂದು ತೊಡಕು: ನಮ್ಮ ಮನೆಯಳಿಯಂದಿರ ಹಾಗೆ ಹೆಂಡತಿಯ ಜಮೀನಿಗೆ ಬಂದು ನೆಲೆಸಿದ ಗಂಡ ಆ ಜಮೀನಿನ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಳ್ಳುತ್ತಿದ್ದ, ಹೀಗಾಗಿ ತಂದೆಯ ಹೆಸರೇ ಬೇರೆ, ಮಗನ ಹೆಸರೇ ಬೇರೆ ಆಗಿರುತ್ತದೆ.

ಈ ವಾರ ಅಳಿಯಂದಿರಿಗೆ ಹೇಳಿ ಅವರ ಅಜ್ಜನ ಅಜ್ಜ ಮದುವೆಯಾದ ಚರ್ಚು ಯಾವುದೆಂದು ಮೊದಲು ಪತ್ತೆ ಮಾಡಿಸು. ಆ ಮದುವೆಯ ಪುಟದ ಚಿತ್ರ ಸಿಕ್ಕರೆ ಅಂಚು ಕತ್ತರಿಸದೆ, ಇಡೀ ಪುಟವನ್ನು ನನಗೆ ಕಳುಹಿಸು. ಅದೇ ಪಾದ್ರಿಯ ಕೈಬರಹದ ಬೇರೆ ಸಾಲುಗಳು ಪಕ್ಕದಲ್ಲಿದ್ದರೆ ಅಕ್ಷರ ಹೋಲಿಸಿ ಓದುವುದಕ್ಕೆ ಅನುಕೂಲವಾಗುತ್ತದೆ.