ಎಲ್ಲ ಮಕ್ಕಳ ಆಟದ ಅಂಗಳ: ಥೆರಪಿಸ್ಟ್ ಅವರನ್ನು ಕೇಳಿ

ಶಶಿಕಲಾ (ಆಕ್ಯುಪೇಷನಲ್ ಥೆರಪಿಸ್ಟ್, ಮೈಸೂರು): ನಮ್ಮ ಬಡಾವಣೆಯ ಪಾರ್ಕಿನಲ್ಲಿ ಆಟದ ಜಾಗ ಹೊಸದಾಗುತ್ತಿದೆ. ಅಂಗವಿಕಲ ಮಕ್ಕಳೂ ಆಡಲು ಏನೇನು ಬೇಕು, ಕೇಳಿ. ಒಂಬತ್ತರವರೆಗೆ ಇರುತ್ತೇನೆ.

ನಾಗೇಂದ್ರ: ಮೇಡಂ, ರ‍್ಯಾಂಪ್ ಎಷ್ಟು ಇಳಿಜಾರಿರಬೇಕು? ಗುತ್ತಿಗೆದಾರರು ಮೂರು ಮೆಟ್ಟಿಲಿನ ಮೇಲೆಯೇ ಸಿಮೆಂಟ್ ಸುರಿದಿದ್ದಾರೆ.

ಶಶಿಕಲಾ: 1:12. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅವರು ಮಾಡಿರುವುದು ಜಾರುಬಂಡೆ.

ರುಕ್ಸಾನಾ: ಐದು ವರ್ಷದ ಮಗನಿಗೆ ಕಿವಿ ಕೇಳಿಸಲೆಂದು ಆಪರೇಷನ್ ಮಾಡಿ ಒಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಜಾರಿದರೆ ಮಷೀನು ಕೆಡುತ್ತದೆ ಎಂದರು. ಮೂರು ತಿಂಗಳಿಂದ ಪಾರ್ಕಿಗೇ ಕರೆದುಕೊಂಡು ಹೋಗಿಲ್ಲ.

ಶಶಿಕಲಾ: ನಾಳೆ ಸಂಜೆಯೇ ಕರೆದುಕೊಂಡು ಹೋಗಿ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬಟ್ಟೆ ಪ್ಲಾಸ್ಟಿಕ್ಕಿಗೆ ಉಜ್ಜಿ ಮೈಯಲ್ಲಿ ಸ್ಥಾಯೀ ವಿದ್ಯುತ್ ಸೇರುತ್ತದೆ, ಒಣ ಹವೆಯಲ್ಲಿ ಹೆಚ್ಚು. ಜಾರಿ ಬಂದ ಮಕ್ಕಳ ಕೂದಲು ನಿಮಿರಿರುವುದನ್ನು ನೋಡಿರುತ್ತೀರಿ. ಆ ಕಿಡಿ ಕಿವಿಯ ಹಿಂದೆ ಹಾಕುವ ಹೊರಭಾಗಕ್ಕೆ, ಅಂದರೆ ಪ್ರೊಸೆಸರ್‌ಗೆ, ತಗಲಿದರೆ, ನಿಮ್ಮ ಮಗನಿಗೆಂದೇ ಹೊಂದಿಸಿದ ಪ್ರೋಗ್ರಾಂ ಕೆಡಬಹುದು. ಒಳಗಿನ ಭಾಗಕ್ಕೆ ತೊಂದರೆ ತೀರಾ ಅಪರೂಪ. ಹೊಸ ಮಾದರಿಗಳು ಹೆಚ್ಚು ತಡೆದುಕೊಳ್ಳುತ್ತವೆ. ನಿಮ್ಮದು ಯಾವುದೆಂದು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿ ಕೇಳಿ. ಅಲ್ಲಿಯವರೆಗೆ ಜಾರುವ ಮುಂಚೆ ಹೊರಭಾಗವನ್ನು ತೆಗೆದಿಟ್ಟುಕೊಳ್ಳಿ, ಮತ್ತೆ ಹಾಕುವ ಮುಂಚೆ ಇಬ್ಬರೂ ಕಬ್ಬಿಣದ ಕಂಬ ಮುಟ್ಟಿ. ಆದರೆ ತೆಗೆದ ಮೇಲೆ ಅವನಿಗೆ ಕೇಳಿಸುವುದಿಲ್ಲ. ಕೆಳಗೆ ಇನ್ನೊಂದು ಮಗು ಕುಳಿತಿದೆ ಎಂದು ಕೂಗಿ ಫಲವಿಲ್ಲ; ಎದುರಿಗೆ ನಿಂತು ಕೈ ಬೀಸಬೇಕು. ಜಾರುಬಂಡೆಯ ತುದಿ ಮೇಲಿನಿಂದಲೇ ಕಾಣಲಿ ಎಂದು ನಕ್ಷೆಯವರೊಂದಿಗೆ ನಾನು ಜಗಳವಾಡುತ್ತಿರುವುದು ಇದಕ್ಕೇ. ಅವರಿಗೆ ಸುರುಳಿ ಕೊಳವೆಯೇ ಬೇಕಂತೆ.

ಕಿರಣ್: ಹಾಗಾದರೆ ಸ್ಟೀಲಿನದೇ ಹಾಕಿಸೋಣ.

ಶಶಿಕಲಾ: ಏಪ್ರಿಲ್ ಮಧ್ಯಾಹ್ನ ನೀವೇ ಒಮ್ಮೆ ಕುಳಿತು ನೋಡಿ. ಹೊಂಗೆ ಮರದಡಿಯಾದರೆ ಸರಿ.

ಮಹದೇವಪ್ಪ: ಬಂದ ಸಂದೇಶ: 'ಗ್ರಹಣದ ವೇಳೆ ಮಗುವನ್ನು ಕುತ್ತಿಗೆಯವರೆಗೆ ಹೂತರೆ ಕಾಲಿಗೆ ಬಲ ಬರುತ್ತದೆ.' ಪಾರ್ಕಿನಲ್ಲಿ ಮರಳಿನ ಗುಂಡಿ ಇದ್ದರೆ ಅನುಕೂಲ.

ಶಶಿಕಲಾ: ಅಳಿಸಿ ಅದನ್ನು. 2019ರ ಡಿಸೆಂಬರ್ ಗ್ರಹಣದಂದು ಕಲಬುರಗಿ ಕಡೆ ಮಕ್ಕಳನ್ನು ಹೀಗೆ ಹೂತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಎದೆಯ ಸುತ್ತ ಮಣ್ಣು ಬಿಗಿದರೆ ಮಗು ಉಸಿರಾಡುವುದು ಹೇಗೆ? ಮಕ್ಕಳ ಕೈಕಾಲಿನ ಚಲನೆಗೆ ತೊಡಕಾಗುವ ಸೆರೆಬ್ರಲ್ ಪಾಲ್ಸಿಯ ಮೂಲ ಮಿದುಳಿನಲ್ಲಿ, ಕಾಲಿನಲ್ಲಲ್ಲ. ಮರಳು ಆಡುವುದಕ್ಕೆ. ಗಾಲಿಕುರ್ಚಿಯಿಂದಲೇ ಕೈಗೆಟುಕುವಂತೆ ಎತ್ತರದ ತೊಟ್ಟಿಯಲ್ಲಿ ತುಂಬಿಸಿ.

ಮಹದೇವಪ್ಪ: ಬಂದದ್ದನ್ನು ಹಾಕಿದೆ, ಅಷ್ಟೇ.

ಶಶಿಕಲಾ: ಬಂದದ್ದನ್ನೆಲ್ಲ ಹಾಕಬೇಡಿ.

ಪುಟ್ಟಸ್ವಾಮಿ: ಗೇಟಿನ ತಿರುಗುಕಂಬ ಮಾತ್ರ ತೆಗೆಯಬಾರದು. ಬೈಕು, ದನ ಎಲ್ಲ ನುಗ್ಗುತ್ತವೆ.

ಲತಾ: ಗಾಲಿಕುರ್ಚಿ?

ಪುಟ್ಟಸ್ವಾಮಿ: ಇಡೀ ಬಡಾವಣೆಗೆ ಇಬ್ಬರು ಮಕ್ಕಳು. ಎತ್ತಿಕೊಂಡು ಬಂದರಾಯಿತು.

ಲತಾ: ನನ್ನ ಮಗಳು ಮೂವತ್ತೊಂದು ಕೆಜಿ. ನಾಳೆ ಆರಕ್ಕೆ ಬನ್ನಿ, ನೀವೇ ಎತ್ತಿ. ಕುರ್ಚಿಯನ್ನೂ.

ಗೌರಿ (ಮಂಡ್ಯ): ಮೇಡಂ, ಮಗಳಿಗೆ ಹನ್ನೆರಡು ವರ್ಷ, ಡೈಪರ್ ಬೇಕು. ಪಾರ್ಕಿನಲ್ಲಿ ಬದಲಾಯಿಸಲು ಅವಳನ್ನು ಎಲ್ಲಿ ಮಲಗಿಸಲಿ?

ಶಶಿಕಲಾ: ಪುಟ್ಟಸ್ವಾಮಿಯವರೇ, ಒಳಗೆ ಬರಲಾಗದವರನ್ನು ಒಳಗೆ ಎಣಿಸಿದರೆ ಇಬ್ಬರೂ ಸಿಗುವುದಿಲ್ಲ. 90 ಸೆಂಟಿಮೀಟರ್ ದಾರಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ದನ ಬರುವುದಿಲ್ಲ, ಓಡುವ ಆಟಿಸಂ ಮಗು ರಸ್ತೆಗಿಳಿಯುವುದಿಲ್ಲ.

ಪುಟ್ಟಸ್ವಾಮಿ: ಬೈಕು?

ನಾಗೇಂದ್ರ: ತರುವವನು ನಿಮ್ಮ ಮೊಮ್ಮಗನೇ ಅಲ್ಲವೇ ಯಜಮಾನರೇ?

ಪುಟ್ಟಸ್ವಾಮಿ: ಮನೆಯವರ ವಿಷಯ ಇಲ್ಲಿ ಬೇಡ. ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ ಎಂದು ನಾನು ಹೇಳಲೇ?

ನಾಗೇಂದ್ರ: ಹೇಳಿ.

ಕಿರಣ್: ರ‍್ಯಾಂಪ್ ಇಳಿಜಾರು ಎಷ್ಟೆಂದಿರಿ?

ಶಶಿಕಲಾ: ಮೇಲೆ ಓದಿ. ಒಂಬತ್ತಾಯಿತು.

ಗೌರಿ (ಮಂಡ್ಯ): ಮೇಡಂ?