ಸಹಾಯ ಬೇಕು: ಅಂಗಡಿಯ ಇಮೇಲ್‌ಗೆ ಯಾರೋ ನುಗ್ಗಿದ್ದಾರೆ

ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ನಿನ್ನೆ ರಾತ್ರಿ ಎರಡಕ್ಕೆ, ಅಂಗಡಿಯ ಇಮೇಲ್ ಹೊಸ ಸಾಧನದಲ್ಲಿ ತೆರೆದಿದೆ ಎಂಬ ಸೂಚನೆ ಬಂತು. ಪಾಸ್‌ವರ್ಡ್ ಅಂಗಡಿಯ ಹೆಸರು, ಮುಂದೆ 1234. ನಗಬೇಡಿ, ಅಪ್ಪ ಇಟ್ಟದ್ದು. ಲೆಕ್ಕದ ಪುಸ್ತಕದ ರಟ್ಟಿನ ಮೇಲೂ ಬರೆದಿದ್ದಾರೆ. ಅದನ್ನೇ ಹಳೆಯದೊಂದು ಮಾರಾಟ ತಾಣಕ್ಕೂ ಕೊಟ್ಟಿದ್ದೆವು. ಒಂದೆಡೆ ಸೋರಿದ ಪಾಸ್‌ವರ್ಡನ್ನು ತಂತ್ರಾಂಶದ ಮೂಲಕ ನೂರಾರು ಕಡೆ ತುರುಕಿ ನೋಡುತ್ತಾರಂತೆ. ನಮ್ಮಲ್ಲಿ ಆದದ್ದು ಅದೇ, ಅಥವಾ ಸುಮ್ಮನೆ ಊಹಿಸಿದರೇ? ತಿಳಿಯುವ ದಾರಿಯಿದೆಯೇ?

ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿದ್ದೇನೆ. ಆದರೂ ನಮ್ಮ ಪತ್ರಗಳು ತಾವಾಗಿಯೇ ಬೇರೆ ವಿಳಾಸಕ್ಕೆ ಹೋಗುವಂತೆ ಅವರು ಮಾಡಿಟ್ಟಿದ್ದರೆ? ಅದನ್ನು ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಹುಡುಕಲಿ? ಹಣ ಹೋಗಿಲ್ಲ, ಹಾಗಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಇನ್ನೂ ಕರೆ ಮಾಡಿಲ್ಲ.