ಕಡತದಲ್ಲಿ ‘ನೋ’ ಎಂದರೆ ಇಲ್ಲವೋ, ಅಲ್ಲವೋ, ಬೇಡವೋ?

ಎಲ್ಲರಿಗೂ ನಮಸ್ಕಾರ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಕಾನ್ಫಿಗ್‌ಪಾರ್ಸರ್ ಎಂಬ ಲೈಬ್ರರಿಯ (ಅಂದರೆ ಬೇಕಾದಾಗ ಬಳಸಿಕೊಳ್ಳಲು ಬರೆದಿಟ್ಟ ಸಿದ್ಧ ಕೋಡಿನ) ಬಗ್ಗೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಬಂದು ನಿಂತಿದ್ದೇನೆ. ನಿಮ್ಮ ಅಭಿಪ್ರಾಯ ಬೇಕು.

ಇದರ ಪರಿಚಯ ಇಲ್ಲದವರಿಗೆ ಎರಡು ಮಾತು. ಪ್ರೋಗ್ರಾಂ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅದರೊಳಗೇ ಹುದುಗಿಸದೆ ಹೊರಗೊಂದು ಪಠ್ಯ ಕಡತದಲ್ಲಿ ಬರೆದಿಡುವ ರೂಢಿ ಇದೆ. ಚೌಕ ಕಂಸದೊಳಗೆ ವಿಭಾಗದ ಹೆಸರು, ಅದರ ಕೆಳಗೆ ಸಾಲಿಗೊಂದರಂತೆ ‘ಹೆಸರು = ಬೆಲೆ’. (ಗಣಿತದಲ್ಲಿ ‘ಬೆಲೆ ಕಂಡುಹಿಡಿಯಿರಿ’ ಎಂದು ಓದಿದವರಿಗೆ ‘ಮೌಲ್ಯ’ಕ್ಕಿಂತ ‘ಬೆಲೆ’ ಹತ್ತಿರವಾದ್ದರಿಂದ ಅದನ್ನೇ ಇಟ್ಟುಕೊಂಡಿದ್ದೇನೆ.) ಆ ಕಡತವನ್ನು ಓದುವುದೂ ತಿದ್ದಿ ಮತ್ತೆ ಬರೆಯುವುದೂ ಈ ಲೈಬ್ರರಿಯ ಕೆಲಸ. ಪೈಥಾನ್ 3.11ರಿಂದ, ಅಂದರೆ 2022ರಿಂದ, ಟಾಮಲ್ ಎಂಬ ಇಂಥದೇ ಇನ್ನೊಂದು ಕಡತ ನಮೂನೆಯ ಲೈಬ್ರರಿಯೂ ಜೊತೆಯಲ್ಲೇ ಬರುತ್ತಿದೆ. ಆದರೆ ಅದು ಓದುತ್ತದೆಯೇ ಹೊರತು ಬರೆಯುವುದಿಲ್ಲ. ಟಾಮಲ್‌ 1.0ರಲ್ಲಿ ಕನ್ನಡದ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬೇಕು. ಕಾನ್ಫಿಗ್‌ಪಾರ್ಸರ್‌ನಲ್ಲಿ ಆ ಕಟ್ಟಳೆ ಇಲ್ಲ. ಓದಿಸುವಾಗ ಅಕ್ಷರಗಳ ಸಂಕೇತಕ್ರಮ ಯುಟಿಎಫ್-8 ಎಂದು ತಿಳಿಸಿದರೆ ಸಾಕು.

ಅಭ್ಯಾಸಕ್ಕೆಂದು, ಗ್ರಂಥಾಲಯದಲ್ಲಿ ಪುಸ್ತಕ ಎರವಲು ಕೊಡುವ ಪುಟ್ಟ ಪ್ರೋಗ್ರಾಂ ಬರೆಯಲು ಹೇಳಿದ್ದೆ. ಕಡತವನ್ನು ನಿಮಗೆ ತೋಚಿದ ಕನ್ನಡದಲ್ಲಿಯೇ ಬರೆಯಿರಿ ಎಂದಿದ್ದೆ. ಒಬ್ಬ ಹುಡುಗಿಯ ಕಡತ ಹೀಗಿತ್ತು:

[ಎರವಲು]
ದಿನಗಳು = ೧೫
ದಂಡ = ಇಲ್ಲ
ರಸೀದಿ ಮುದ್ರಣ = ಬೇಡ

[ಸದಸ್ಯ]
ವಿದ್ಯಾರ್ಥಿ = ಅಲ್ಲ

‘೧೫’ ಎಂಬುದನ್ನು ಪೈಥಾನ್ ಯಾವ ತಕರಾರೂ ಇಲ್ಲದೆ 15 ಎಂದು ಓದಿಕೊಂಡಿತು. ಕನ್ನಡದ ಅಂಕಿಗಳನ್ನು ಅದು ಅಂಕಿಗಳೆಂದೇ ಬಲ್ಲದು. ಉಳಿದ ಮೂರು ಸಾಲುಗಳಲ್ಲಿ ಎಡವಿತು. ಈ ಲೈಬ್ರರಿ ಎಲ್ಲ ಬೆಲೆಗಳನ್ನೂ ಬರಿಯ ಅಕ್ಷರಗಳಾಗಿಯೇ ಇಟ್ಟುಕೊಳ್ಳುತ್ತದೆ. ಹೌದೋ ಅಲ್ಲವೋ ಎಂದು ತಿಳಿಯಬೇಕಾದಾಗ ಗೆಟ್‌ಬೂಲಿಯನ್ ಎಂಬುದನ್ನು ಕರೆಯಬೇಕು. ಅದಕ್ಕೆ ಗೊತ್ತಿರುವುದು ಯೆಸ್, ನೋ, ಆನ್, ಆಫ್, ಟ್ರೂ, ಫಾಲ್ಸ್, 1, 0 ಇಷ್ಟೇ.

ಆ ಮೂರು ಸಾಲುಗಳನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆ. ಇಂಗ್ಲಿಷಿನ ಕಡತದಲ್ಲಿ ಮೂರಕ್ಕೂ ‘ನೋ’ ಒಂದೇ ಸಾಕಿತ್ತು. ಈ ಹುಡುಗಿ ಯಾರೂ ಹೇಳಿಕೊಡದೆ ಮೂರು ಪದ ಬಳಸಿದ್ದಳು, ಮೂರೂ ತಂತಮ್ಮ ಜಾಗದಲ್ಲಿ ಸರಿಯಾಗಿ ಕುಳಿತಿದ್ದವು. ಒಂದರ ಜಾಗಕ್ಕೆ ಇನ್ನೊಂದನ್ನು ತಂದು ನೋಡಿ. ‘ವಿದ್ಯಾರ್ಥಿ = ಇಲ್ಲ’ ಎಂದರೆ ಹಾಜರಿ ಪುಸ್ತಕ ಓದಿದಂತಾಗುತ್ತದೆ, ಹುಡುಗ ಇವತ್ತು ಬಂದಿಲ್ಲ ಎಂದು. ‘ದಂಡ = ಬೇಡ’ ಎಂದರೆ ಯಾರೋ ಕನಿಕರದಿಂದ ಬಿಟ್ಟುಬಿಡಿ ಎಂದಂತೆ. ‘ರಸೀದಿ ಮುದ್ರಣ = ಅಲ್ಲ’ ಎಂದರೆ ಅದು ಮುದ್ರಣವಲ್ಲ, ಬೇರೇನೋ ಎಂದರ್ಥ. ಇರುವುದನ್ನು ಅಲ್ಲಗಳೆಯಲು ಇಲ್ಲ, ಆಗಿರುವುದನ್ನು ಅಲ್ಲಗಳೆಯಲು ಅಲ್ಲ, ಬಯಸುವುದನ್ನು ಅಲ್ಲಗಳೆಯಲು ಬೇಡ. ಮೂರಕ್ಕೂ ಅವುಗಳದೇ ಜೋಡಿಗಳಿವೆ: ಇದೆ ಅಥವಾ ಉಂಟು, ಹೌದು, ಬೇಕು. ಮಂಗಳೂರು, ಉಡುಪಿಯ ಕಡೆ ‘ಉಂಟು’ ದಿನಬಳಕೆಯ ಮಾತಾದ್ದರಿಂದ ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಅರ್ಜಿ ನಮೂನೆಗಳಲ್ಲಿ ‘ಹೌದು / ಇಲ್ಲ’ ಎಂದೇ ಇರುತ್ತದಲ್ಲ, ಅದನ್ನೇ ಏಕೆ ಇಟ್ಟುಕೊಳ್ಳಬಾರದು ಎಂದು ಕೆಲವರಾದರೂ ಕೇಳುತ್ತೀರಿ. ಅರ್ಜಿಯಲ್ಲಿ ಕ್ರಿಯಾಪದವಿರುವ ಪೂರ್ತಿ ಪ್ರಶ್ನೆ ಇರುತ್ತದೆ: ಈ ಹಿಂದೆ ಸೌಲಭ್ಯ ಪಡೆದಿದ್ದೀರಾ? ಅದಕ್ಕೆ ಹೌದು, ಇಲ್ಲ ಎರಡೂ ಸಲೀಸಾಗಿ ಹೊಂದುತ್ತವೆ. ಕಡತದಲ್ಲಿ ಸಮ ಚಿಹ್ನೆಯ ಎಡಕ್ಕೆ ಇರುವುದು ಬರಿಯ ನಾಮಪದ. ವಾಕ್ಯವನ್ನು ಮುಗಿಸುವ ಹೊಣೆಯೆಲ್ಲ ಬಲಗಡೆಯ ಪದದ್ದು. ‘ಸರಿ / ತಪ್ಪು’ ಪ್ರಶ್ನೆಪತ್ರಿಕೆಗೆ ಒಳ್ಳೆಯದು. ಇಲ್ಲಿ ‘ಮುದ್ರಣ = ತಪ್ಪು’ ಎಂದರೆ ಅಚ್ಚಿನ ದೋಷವೆಂದೇ ಓದುತ್ತೇವೆ.

ಒಂದೇ ಜೋಡಿಯನ್ನು ಆರಿಸುವ ಅಗತ್ಯವೇ ಇಲ್ಲ ಎಂಬುದು ನನ್ನ ನಿಲುವು. ಗೆಟ್‌ಬೂಲಿಯನ್ ನೋಡುವ ಪಟ್ಟಿಗೆ ಬೂಲಿಯನ್_ಸ್ಟೇಟ್ಸ್ ಎಂದು ಹೆಸರು. ಅದಕ್ಕೆ ನಮ್ಮ ಪದಗಳನ್ನು ಸೇರಿಸಿಕೊಳ್ಳಬಹುದು. ಹೌದು, ಇದೆ, ಉಂಟು, ಬೇಕು ಒಂದು ಕಡೆ. ಅಲ್ಲ, ಇಲ್ಲ, ಬೇಡ ಇನ್ನೊಂದು ಕಡೆ. ಹಾಗೆ ಸೇರಿಸಿದ ಮೇಲೆ ಆ ಹುಡುಗಿಯ ಕಡತ ಒಂದಕ್ಷರವೂ ಬದಲಾಗದೆ ನಡೆಯಿತು.

ಇಷ್ಟು ಪದಗಳಿದ್ದರೆ ಗೊಂದಲವಾಗದೇ ಎಂಬ ಆತಂಕ ನನಗೂ ಇತ್ತು. ಯಾಮಲ್ ಎಂಬ ಮತ್ತೊಂದು ಕಡತ ನಮೂನೆಯ 1.1ನೇ ಆವೃತ್ತಿಯಲ್ಲಿ ನಾರ್ವೆಯ ಎರಡಕ್ಷರದ ದೇಶಸಂಕೇತ (ಎನ್, ಒ) ‘ನೋ’ ಎಂದು ಓದಿಸಿಕೊಂಡು ಫಾಲ್ಸ್ ಆಗಿಬಿಡುತ್ತಿದ್ದುದು ಹೆಸರಾದ ಕಥೆ. ಆದರೆ ಕಾನ್ಫಿಗ್‌ಪಾರ್ಸರ್ ತಾನಾಗಿ ಏನನ್ನೂ ಊಹಿಸುವುದಿಲ್ಲ, ಕೇಳಿದರಷ್ಟೇ ಪಟ್ಟಿ ನೋಡುತ್ತದೆ. ‘ಬೇಡ’ ಎಂಬ ಪದ ಪುಸ್ತಕದ ಶೀರ್ಷಿಕೆಯಲ್ಲಿ ಬಂದರೆ ಶೀರ್ಷಿಕೆಯಾಗಿಯೇ ಉಳಿಯುತ್ತದೆ. ಇನ್ನೊಂದು ಸಂಗತಿಯೂ ಇದೆ: ಕಡತವನ್ನು ಮತ್ತೆ ಬರೆಸಿದಾಗ ನಾವು ಬೇರೆ ಸಾಲಿನಲ್ಲಿ ಬರೆದುಕೊಂಡ ಟಿಪ್ಪಣಿಗಳು ಅಳಿಸಿಹೋಗುತ್ತವೆ. ವಿವರಣೆ ಉಳಿಯುವುದಿಲ್ಲವೆಂದ ಮೇಲೆ ಪದವೇ ತನ್ನ ಅರ್ಥವನ್ನು ಹೇಳಬೇಕಲ್ಲವೇ?

ಇಲ್ಲಿ ನನಗಿರುವ ತೊಡಕು ಅನುಮತಿಯದು. ‘ಮರು ಎರವಲು = ಕೂಡದು’ ಎಂದರೆ ಕೇಳಲು ಚೆನ್ನಾಗಿದೆ. ಅದರ ಎದುರಿಗೆ ‘ಬಹುದು’ ಎಂದು ಬರೆದರೆ ಕುಂಟುತ್ತದೆ. ಇಂದಿನ ಕನ್ನಡದಲ್ಲಿ ‘ಬಹುದು’ ಮತ್ತೊಂದು ಪದದ ಆಸರೆಯಿಲ್ಲದೆ ನಿಲ್ಲುವುದಿಲ್ಲ. ‘ಆಗಬಹುದು’ ಎಂದು ಇಡಲೇ? ನಿಮ್ಮ ಕಡೆ ಇದಕ್ಕೆ ಏನನ್ನುತ್ತೀರಿ?

ಎರಡನೆಯ ಪದ ‘ಡೀಫಾಲ್ಟ್’. ಯಾವುದೇ ವಿಭಾಗದಲ್ಲಿ ಒಂದು ಬೆಲೆ ಸಿಗದಿದ್ದರೆ ಈ ಹೆಸರಿನ ವಿಭಾಗದಿಂದ ತೆಗೆದುಕೊಳ್ಳುವುದು ಲೈಬ್ರರಿಯ ಕ್ರಮ. ಕಂಪ್ಯೂಟರ್ ಅನುವಾದಗಳಲ್ಲಿ ‘ಪೂರ್ವನಿಯೋಜಿತ’ ಬಳಕೆಯಲ್ಲಿದೆ. ಅರ್ಥ ಸರಿಯಾಗಿದ್ದರೂ ಮಕ್ಕಳು ಅದನ್ನು ಒಮ್ಮೆಗೆ ತಪ್ಪಿಲ್ಲದೆ ಟೈಪ್ ಮಾಡಿದ್ದನ್ನು ನಾನು ಕಂಡಿಲ್ಲ. ‘ಮೂಲ’ ಎಂದರೆ ಒರಿಜಿನಲ್ ಎಂದುಕೊಳ್ಳುತ್ತಾರೆ. ನನ್ನ ಒಲವು ‘ವಾಡಿಕೆ’ಯ ಕಡೆಗಿದೆ: [ವಾಡಿಕೆ], ಅದರ ಕೆಳಗೆ ‘ದಿನಗಳು = ೧೫’. ಆದರೆ ವಾಡಿಕೆ ಜನ ನಡೆಸಿಕೊಂಡು ಬಂದದ್ದು, ಇದು ಒಬ್ಬರು ಗೊತ್ತುಮಾಡಿಟ್ಟದ್ದು. ಆ ವ್ಯತ್ಯಾಸ ಕಾಡುತ್ತಿದೆ. ಈ ವಿಭಾಗದ ಹೆಸರನ್ನು ಬದಲಿಸಲು ಲೈಬ್ರರಿಯಲ್ಲೇ ಅವಕಾಶವಿರುವುದರಿಂದ, ನೀವು ಸೂಚಿಸುವ ಪದ ಕೈಪಿಡಿಯ ವಿವರಣೆಯಲ್ಲಷ್ಟೇ ಅಲ್ಲ, ಮಕ್ಕಳು ಬರೆಯುವ ಕಡತದ ಮೊದಲ ಸಾಲಿನಲ್ಲೇ ಇರುತ್ತದೆ.

ವಂದನೆಗಳು.